ನೆಲ ಮೊದಲು, ವ್ಯಾಯಾಮ ಆಮೇಲೆ: ಕಾಲು ಸೋತ ನಾಯಿಗೆ ಮನೆಯಲ್ಲೇ ಫಿಸಿಯೋಥೆರಪಿ

ಸರ್ರ್... ಸರ್ರ್... ಅಂತ ಒಂದು ಸದ್ದು. ಭಾನುವಾರ ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಹಾಲ್‌ನಲ್ಲಿ ಯಾರೋ ಕುರ್ಚಿ ಎಳೆಯುತ್ತಿದ್ದಾರೆ ಅಂದುಕೊಂಡೆ. ತಿರುಗಿ ನೋಡಿದರೆ ನಮ್ಮ ರಾಗಿ. ಮುಂಗಾಲಿನ ಮೇಲೆ ಮೈ ಎಳೆದುಕೊಂಡು ಅಡುಗೆಮನೆ ಕಡೆ ಬರುತ್ತಿದ್ದಳು. ಹಿಂಗಾಲಿನ ಉಗುರುಗಳು ಟೈಲ್ಸ್ ಮೇಲೆ ಗೀರುತ್ತಿದ್ದವು. ಬಾಲ ಮಾತ್ರ ಅಲ್ಲಾಡುತ್ತಿತ್ತು, ಬಿಸ್ಕತ್ತಿನ ಆಸೆಗೆ.

ರಾಗಿ ಡ್ಯಾಶ್‌ಹೌಂಡ್. ಆಗ ಆರು ವರ್ಷ, ತೂಕ ಒಂಬತ್ತು ಕಿಲೋ. ಬೆನ್ನುಮೂಳೆಯ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತಿತ್ತು. ಈಗ ನಡೆಯುತ್ತಾಳೆ. ಹಿಂಭಾಗ ಸ್ವಲ್ಪ ಓಲಾಡುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಆ ನಾಲ್ಕೈದು ತಿಂಗಳಲ್ಲಿ ಮುಂಬೈಯ ಮುಲುಂಡಿನ ಎರಡು ಕೋಣೆಯ ಮನೆಯಲ್ಲಿ ನಾವು ಏನೇನು ಮಾಡಿದೆವು, ಏನು ಮಾಡಬಾರದಿತ್ತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಇಲ್ಲಿರುವ ವ್ಯಾಯಾಮಗಳನ್ನು ನಿಮ್ಮ ಪಶುವೈದ್ಯರು ಹೂಂ ಅಂದ ಮೇಲೆಯೇ ಶುರು ಮಾಡಿ.

ಮೊದಲು ಕಾರಣ ಗೊತ್ತಾಗಲಿ

ಕುಂಟುವುದು ಒಂದು ರೋಗವಲ್ಲ, ಹತ್ತು ರೋಗಗಳ ಒಂದೇ ಲಕ್ಷಣ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದೇ ಇರಬಹುದು. ಪೊಮೆರೇನಿಯನ್‌ ಥರದ ಪುಟ್ಟ ನಾಯಿ ನಡೆಯುತ್ತಾ ನಡೆಯುತ್ತಾ ಒಂದು ಕಾಲೆತ್ತಿ ಕುಪ್ಪಳಿಸಿ, ಮತ್ತೆ ಏನೂ ಆಗದವರಂತೆ ಓಡಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಹರಿದರೆ ನಾಯಿ ಹಿಂಗಾಲಿನ ತುದಿಬೆರಳನ್ನಷ್ಟೇ ನೆಲಕ್ಕೆ ತಾಗಿಸಿ ನಿಲ್ಲುತ್ತದೆ. ಡ್ಯಾಶ್‌ಹೌಂಡ್, ಬೀಗಲ್, ಶಿಟ್ಜು, ಫ್ರೆಂಚ್ ಬುಲ್‌ಡಾಗ್‌ಗಳಿಗೆ ಡಿಸ್ಕ್ ತೊಂದರೆ. ಇನ್ನೊಂದನ್ನು ನಮ್ಮ ಕಡೆ ಮರೆಯಲೇಬಾರದು: ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಯಿಂದ ಬರುವ ಜ್ವರ. ಅದರಲ್ಲೂ ಕೀಲು ನೋಯುತ್ತದೆ, ನಾಯಿ ಕುಂಟುತ್ತದೆ. ರಕ್ತಪರೀಕ್ಷೆ ಮಾಡಿಸದೆ ಕಾಲು ತಿಕ್ಕುತ್ತಾ ಕೂತರೆ ಏನು ಪ್ರಯೋಜನ?

ಕೆಲವು ಲಕ್ಷಣ ಕಂಡರೆ ಒಂದು ದಿನವೂ ಕಾಯಬೇಡಿ. ಇದ್ದಕ್ಕಿದ್ದಂತೆ ಎರಡೂ ಹಿಂಗಾಲು ಬಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗೇ ಸೋರಿದರೆ, ಕಾಲಿನಲ್ಲಿ ನೋವೇ ಗೊತ್ತಾಗದಿದ್ದರೆ ತಕ್ಷಣ ಹೊರಡಿ. ಡಿಸ್ಕ್ ಕೇಸಿನಲ್ಲಿ ನೋವಿನ ಅರಿವು ಹೋದ ಮೇಲೆ ಆಪರೇಶನ್‌ಗೆ ಇರುವುದು ಗಂಟೆಗಳ ಲೆಕ್ಕ. ನಮ್ಮ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಕೊಟ್ಟು "ಎರಡು ದಿನ ನೋಡೋಣ" ಅಂದರು. ನಾವೂ ತಲೆಯಾಡಿಸಿ ಬಂದೆವು. ಒಂದೂವರೆ ದಿನ ಹಾಗೇ ಹೋಯಿತು. ರಾಗಿಗೆ ಬೆರಳಿನಲ್ಲಿ ನೋವಿನ ಅರಿವು ಉಳಿದಿತ್ತು, ಬಚಾವಾದಳು. ಇವತ್ತಿಗೂ ಆ ಒಂದೂವರೆ ದಿನ ನೆನೆದರೆ ಹೊಟ್ಟೆ ತೊಳಸುತ್ತದೆ.

ಇಲ್ಲಿ ಒಂದು ಮೋಸ ಇದೆ. ಬೆರಳು ಹಿಂಡಿದಾಗ ಕಾಲು ಹಿಂದಕ್ಕೆ ಎಳೆದುಕೊಂಡರೆ "ಅರಿವಿದೆ" ಅಂತ ನಾವು ಖುಷಿಪಡುತ್ತೇವೆ. ಕಾಲು ಹಿಂದೆ ಹೋಗುವುದು ಬೆನ್ನುಹುರಿಯ ಮಟ್ಟದಲ್ಲೇ ಆಗುವ ಪ್ರತಿಕ್ರಿಯೆ. ಮಿದುಳಿಗೆ ಸುದ್ದಿ ಮುಟ್ಟದೆಯೂ ಅದು ಆಗಬಹುದು. ನಾಯಿ ತಿರುಗಿ ನೋಡಬೇಕು, ಕುಂಯ್ ಅನ್ನಬೇಕು, ಕಚ್ಚಲು ಬರಬೇಕು. ಈ ಪರೀಕ್ಷೆಯನ್ನು ಡಾಕ್ಟರಿಗೇ ಬಿಡಿ.

ಮುಂಬೈಯಲ್ಲಿ ಎಲ್ಲಿಗೆ ಹೋಗೋದು? ಪರೇಲ್‌ನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಯ ಹೆಸರು ಹೇಳಿದರೆ ಅರ್ಧ ಜನಕ್ಕೆ ಗೊತ್ತಾಗಲ್ಲ. 'ಬೈಲ್‌ಘೋಡಾ' ಅನ್ನಿ, ಟ್ಯಾಕ್ಸಿಯವರು ನೇರ ಗೇಟಿಗೆ ಬಿಡುತ್ತಾರೆ. ಎತ್ತು, ಕುದುರೆಗಳು ಊರಿನ ಗಾಡಿ ಎಳೆಯುತ್ತಿದ್ದ ಕಾಲದ ಹೆಸರು ಅದು. 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಇರುವುದೂ ಪರೇಲ್‌ನಲ್ಲೇ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್‌ನವರ ಸಣ್ಣ ಪ್ರಾಣಿಗಳ ಆಸ್ಪತ್ರೆ ತೆರೆಯಿತು. ಮುಲುಂಡ್, ಠಾಣೆ, ಡೊಂಬಿವಲಿ ಕಡೆಯವರು ನೆನಪಿಡಿ: ಸಾಯನ್ ದಾಟಿ ಆಟೋ ಹೋಗುವುದಿಲ್ಲ. ದಾರಿಯಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಹತ್ತಿಸುವುದು ಬೆನ್ನು ನೊಂದ ನಾಯಿಗೆ ಶಿಕ್ಷೆ. ಮನೆಯಿಂದಲೇ ಟ್ಯಾಕ್ಸಿ ಮಾಡಿ. ಬೆನ್ನು ಬಾಗದಂತೆ ಗಟ್ಟಿ ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ. ನಾವು ರಾಗಿಯನ್ನು ಒಯ್ದದ್ದು ಕೇರಂ ಬೋರ್ಡಿನ ಮೇಲೆ. ಸುತ್ತ ಅಂಚು ಇರುತ್ತದೆ, ಜಾರುವುದಿಲ್ಲ. ಮೇಲೆ ಒಂದು ದುಪ್ಪಟ್ಟಾ ಸಡಿಲವಾಗಿ ಕಟ್ಟಿದ್ದೆವು.

ಮಾತ್ರೆ ಡಬ್ಬಿ ಮುಚ್ಚಿಡಿ

ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಕಾಲು ಭಾಗ ಮುರಿದು ಕೊಡುವ ಯೋಚನೆ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಯಿಸಬಲ್ಲದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ನೋವಿನ ಮುಲಾಮು, ಕರ್ಪೂರದ ಎಣ್ಣೆ ಕೂಡ ಬೇಡ. ಹಚ್ಚಿದ್ದನ್ನೆಲ್ಲ ಅವು ನೆಕ್ಕುತ್ತವೆ. ಧಾರವಾಡದಿಂದ ಅವ್ವ ಫೋನ್ ಮಾಡಿ "ಸಾಸಿವೆ ಎಣ್ಣಿ ಬಿಸಿ ಮಾಡಿ ತಿಕ್ಕು, ಎರಡ ದಿನದಾಗ ಎದ್ದು ಓಡತೈತಿ" ಅಂತ ಹೇಳಿದಳು. ತಿಕ್ಕುವ ಮಾತು ಸರಿ ಇತ್ತು. ಎಣ್ಣೆ ಬಿಟ್ಟೆವು, ಒಣ ಕೈಯಲ್ಲೇ ತಿಕ್ಕಿದೆವು.

ನೆಲ

ಎಲ್ಲರೂ ಕೇಳೋದು "ಯಾವ ವ್ಯಾಯಾಮ ಮಾಡಿಸಲಿ?" ಅಂತ. ನೆಲದ ಬಗ್ಗೆ ಯಾರೂ ಕೇಳಲ್ಲ. ನನ್ನ ಅನುಭವದಲ್ಲಿ ಅರ್ಧ ಕೆಲಸ ನೆಲದ್ದೇ.

ನಮ್ಮ ಫ್ಲ್ಯಾಟ್‌ಗಳಲ್ಲಿ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಕೆಲಸದ ಬಾಯಿ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿದಳೆಂದರೆ ಅರ್ಧ ಗಂಟೆ ಅದು ಐಸ್ ಇದ್ದ ಹಾಗೆ. ಸೋತ ಕಾಲಿನ ನಾಯಿ ಅದರ ಮೇಲೆ ಏಳಲು ಹೋಗುತ್ತದೆ, ಹಿಂಗಾಲು ಎರಡೂ ಪಕ್ಕಕ್ಕೆ ಜಾರಿ ಅಗಲವಾಗುತ್ತವೆ. ಆ ಒಂದು ಜಾರುವಿಕೆ ಸೊಂಟ, ತೊಡೆಯ ಒಳಭಾಗ, ಬೆನ್ನು ಮೂರನ್ನೂ ಎಳೆಯುತ್ತದೆ. ನೀವು ಬೆಳಿಗ್ಗೆ ಹತ್ತು ನಿಮಿಷ ಮಾಡಿಸಿದ ವ್ಯಾಯಾಮವನ್ನು ನೆಲ ಹತ್ತು ಸೆಕೆಂಡಿನಲ್ಲಿ ತಿಂದುಹಾಕುತ್ತದೆ. ಇನ್ನೂ ಕೆಟ್ಟದ್ದು, ನಾಯಿಗೆ ಏಳೋದೇ ಭಯವಾಗುತ್ತದೆ.

ಹಾಗಾಗಿ ಮೊದಲ ದಿನವೇ ದಾರಿ ಹಾಸಿ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ. ಯೋಗಾ ಮ್ಯಾಟ್ ಉದ್ದಕ್ಕೆ ಸೀಳಿದರೆ ಎರಡು ಪಟ್ಟಿ ಆಗುತ್ತದೆ. ಹಿಂದೆ ರಬ್ಬರ್ ಇರುವ ಕಾಲೊರೆಸು ಕೂಡ ನಡೆಯುತ್ತದೆ. ಜಮಖಾನ, ಸೀರೆ, ಬೆಡ್‌ಶೀಟ್ ಬೇಡ. ಅವು ನಾಯಿಯನ್ನೂ ಕರೆದುಕೊಂಡೇ ಜಾರುತ್ತವೆ. ಪಟ್ಟಿಗಳ ನಡುವೆ ಅಂತರ ಬಿಡಬೇಡಿ, ಒಂದೂವರೆ ಅಡಿ ಟೈಲ್ಸ್ ಕಂಡರೂ ನಾಯಿ ಅಲ್ಲೇ ನಿಂತುಬಿಡುತ್ತದೆ.

ಆಮೇಲೆ ಪಂಜ ನೋಡಿ. ಉಗುರು ಉದ್ದವಿದ್ದರೆ ಅಂಗಾಲು ಪೂರ್ತಿ ನೆಲಕ್ಕೆ ತಾಗಲ್ಲ. ಬೆರಳ ಸಂದಿಯ ಕೂದಲು ಬೆಳೆದು ಅಂಗಾಲನ್ನು ಮುಚ್ಚಿದ್ದರೆ ಅದನ್ನೂ ಕತ್ತರಿಸಿ. ಮಕ್ಕಳ ಗ್ರಿಪ್ ಇರುವ ಕಾಲುಚೀಲ ಹಾಕಬಹುದು. ಆದರೆ ನಾಯಿ ಬೆವರುವುದು ಅಂಗಾಲಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನೂ ಒಣಗಲ್ಲ ಅಲ್ವಾ? ಅರ್ಧ ಗಂಟೆಗೊಮ್ಮೆ ಬಿಚ್ಚಿ ಒರೆಸಿ.

ಸೋಫಾ, ಮಂಚ ಹತ್ತುವುದು ಬಂದ್. ದಿಂಬು, ಪೆಟ್ಟಿಗೆ, ಕುರ್ಚಿ ಏನಾದರೂ ಅಡ್ಡ ಇಡಿ. ಗಣಪತಿ ಹಬ್ಬಕ್ಕೆ ಜನ ಬಂದಾಗ ಈ ನಿಯಮ ಮುರಿಯುತ್ತದೆ, ಆ ದಿನ ಒಂದು ಕೋಣೆಯ ಬಾಗಿಲು ಹಾಕಿಬಿಡಿ.

ಕಟ್ಟುನಿಟ್ಟಿನ ವಿಶ್ರಾಂತಿ

ಡಿಸ್ಕ್ ಕೇಸಿಗೆ ಆಪರೇಶನ್ ಇಲ್ಲದೆ ಚಿಕಿತ್ಸೆ ಅಂದರೆ ಕನಿಷ್ಠ ನಾಲ್ಕು ವಾರ ಪಂಜರದ ವಿಶ್ರಾಂತಿ. ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ಜಾಗ ಸಾಕು. ಮೂಳೆ ಮುರಿದಿದ್ದರೆ ಅದರ ಲೆಕ್ಕ ಬೇರೆ, ಎಕ್ಸ್‌ರೇ ನೋಡಿ ಡಾಕ್ಟರ್ ಹೇಳುತ್ತಾರೆ. ಎರಡನೇ ವಾರದಲ್ಲಿ ನೋವು ಕಡಿಮೆಯಾಗಿ ನಾಯಿ ಹುರುಪಾಗುತ್ತದೆ. ಅತಿ ಅಪಾಯದ ವಾರ ಅದೇ. ಪಾಪ ಅಂತ ಬಿಟ್ಟಿರೋ, ಮತ್ತೆ ಮೊದಲಿಂದ.

ತಾನಾಗಿ ಮಗ್ಗುಲು ಬದಲಿಸಲು ಆಗದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆಯಾದರೂ ಹೊರಳಿಸಬೇಕು, ರಾತ್ರಿಯೂ. ಇಲ್ಲದಿದ್ದರೆ ಸೊಂಟ, ಮೊಣಕೈ, ಹಿಮ್ಮಡಿಯ ಮೂಳೆ ಒತ್ತಿ ಹುಣ್ಣಾಗುತ್ತದೆ. ದಪ್ಪ ಫೋಮ್, ಅದರ ಮೇಲೆ ಪ್ಲಾಸ್ಟಿಕ್, ಮೇಲೆ ಹಳೆ ಬಟ್ಟೆ. ನಮ್ಮಲ್ಲಿ ಅವ್ವ ಹೊಲಿದ ಕೌದಿ ಆ ಕೆಲಸಕ್ಕೆ ಬಂತು. ಮೆತ್ತಗೆ ಇರುತ್ತದೆ, ಒಗೆದರೆ ಮತ್ತೆ ಹೊಸದು. ಅವ್ವನಿಗೆ ಹೇಳಿಲ್ಲ.

ಮೂತ್ರ ತಾನಾಗಿ ಬಾರದಿದ್ದರೆ ಹೊಟ್ಟೆ ಒತ್ತಿ ತೆಗೆಯಬೇಕಾಗುತ್ತದೆ, ದಿನಕ್ಕೆ ಮೂರು ನಾಲ್ಕು ಸಲ. ಇದನ್ನು ಓದಿ ಕಲಿಯಬೇಡಿ. ಡಾಕ್ಟರ ಕೈ ಮೇಲೆ ನಿಮ್ಮ ಕೈ ಇಟ್ಟು ಕಲಿಯಿರಿ.

ಕೈಯ ಕೆಲಸ

ಹೊಸ ಪೆಟ್ಟು, ಊತ ಇದ್ದರೆ ಮೊದಲ ಎರಡು ಮೂರು ದಿನ ತಂಪು. ಐಸ್ ತುಂಡನ್ನು ತೆಳು ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ. ಊತ ಇಳಿದ ಮೇಲೆ, ಬಿಗಿದ ಸ್ನಾಯುವಿಗೆ ಬಿಸಿ. ನಿಮ್ಮ ಮಣಿಕಟ್ಟಿನ ಒಳಗೆ ಇಟ್ಟು ನೋಡಿ, ಹಿತವಾಗಿದ್ದರೆ ಸರಿ. ಅರಿವಿಲ್ಲದ ಕಾಲು ಸುಡುತ್ತಿದೆ ಅಂತ ಹೇಳಲಾರದು, ಅಲ್ಲಿ ಇನ್ನೂ ಹುಷಾರು.

ಆಮೇಲೆ ಮಾಲೀಶು. ನಾಯಿಯನ್ನು ಮಗ್ಗುಲಾಗಿ ಮಲಗಿಸಿ. ಅಂಗೈ ಪೂರ್ತಿ ಇಟ್ಟು ಬೆರಳ ತುದಿಯಿಂದ ತೊಡೆಯ ಕಡೆಗೆ, ಅಂದರೆ ಹೃದಯದ ದಿಕ್ಕಿಗೆ, ನಿಧಾನವಾಗಿ ಸವರಿ. ಐದು ನಿಮಿಷ ಸಾಕು. ಬೆನ್ನುಮೂಳೆಯ ಮೇಲೆ ಒತ್ತಬೇಡಿ. ಮುಂಭಾಗವನ್ನೂ ಮರೆಯಬೇಡಿ. ಸುಮ್ನೆ ನಿಂತಾಗಲೂ ನಾಯಿ ತನ್ನ ತೂಕದ ಸುಮಾರು 60 ಶೇಕಡಾ ಮುಂಗಾಲಿನ ಮೇಲೆ ಹೊರುತ್ತದೆ. ಹಿಂಗಾಲು ಸೋತರೆ ಭುಜಕ್ಕೆ ಇನ್ನೂ ಭಾರ. ರಾಗಿಯ ಭುಜಗಳು ಕಲ್ಲಿನ ಹಾಗೆ ಆಗಿದ್ದವು. ಅಲ್ಲಿ ಕೈ ಇಟ್ಟರೆ ಕಣ್ಣು ಮುಚ್ಚಿ ಗೊರಕೆ.

ಈಗ ಕೀಲು ಆಡಿಸುವುದು. ಸರಿಯಾಗಿ ಕಲಿಯಲು ನನಗೆ ಒಂದು ವಾರ ಹಿಡಿಯಿತು. ನೊಂದ ಕಾಲು ಮೇಲೆ ಬರುವಂತೆ ಮಲಗಿಸಿ. ಆ ಕಾಲು ನೆಲಕ್ಕೆ ಸಮಾನಾಂತರವಾಗಿ ಇರಲಿ, ಜೋತು ಬೀಳಬಾರದು, ಮೇಲಕ್ಕೂ ಎತ್ತಬಾರದು. ಒಂದು ಕೈ ಕೀಲಿನ ಮೇಲ್ಭಾಗಕ್ಕೆ ಆಸರೆ, ಇನ್ನೊಂದು ಕೆಳಭಾಗಕ್ಕೆ. ಬೆರಳಿನಿಂದ ಶುರು ಮಾಡಿ: ಮಡಿಸಿ, ಬಿಡಿಸಿ. ಆಮೇಲೆ ಹಿಮ್ಮಡಿಯ ಕೀಲು, ಮಂಡಿ, ಕೊನೆಗೆ ಸೊಂಟ. ಒಂದೊಂದಕ್ಕೆ ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಕೊನೆಯಲ್ಲಿ ಸೈಕಲ್ ತುಳಿದ ಹಾಗೆ ಇಡೀ ಕಾಲನ್ನು ಐದಾರು ಸುತ್ತು.

ಎಲ್ಲಿ ತಡೆ ಸಿಗುತ್ತದೋ ಅಲ್ಲೇ ನಿಲ್ಲಿಸಿ, ಅದಕ್ಕಿಂತ ಮುಂದೆ ತಳ್ಳಬೇಡಿ. ನಾಯಿ ಮೂಗು ನೆಕ್ಕಿತು, ತಲೆ ತಿರುಗಿಸಿ ನಿಮ್ಮ ಕೈ ನೋಡಿತು, ಉಸಿರು ಬಿಗಿ ಹಿಡಿಯಿತು ಅಂದರೆ "ಸಾಕು" ಅಂತ ಅರ್ಥ. ನಾನು ಮೊದಲ ವಾರ ಹತ್ತಕ್ಕೆ ಬದಲು ಮೂವತ್ತು ಮಾಡಿಸಿದೆ. ಬೇಗ ವಾಸಿಯಾಗಲಿ ಅನ್ನೋ ಆಸೆ. ಮೂರನೇ ದಿನ ಮಂಡಿ ಊದಿತು. ಎರಡು ದಿನ ಎಲ್ಲ ಬಂದ್, ಡಾಕ್ಟರ ಕೈಯಲ್ಲಿ ಬೈಗುಳ ಬೇರೆ.

ಹಳೆ ಟೂತ್‌ಬ್ರಷ್ ಒಂದನ್ನು ಎತ್ತಿಡಿ. ಬೆರಳ ಸಂದಿಯಲ್ಲಿ, ಅಂಗಾಲಿನ ಮೇಲೆ ಮೆಲ್ಲಗೆ ಆಡಿಸಿ. ಕಾಲು ಎಳೆದುಕೊಂಡರೆ ಒಳ್ಳೆಯದು, ಸ್ನಾಯುವಿಗೆ ಅದೂ ಒಂದು ಕೆಲಸ.

ನಿಲ್ಲಿಸುವುದು, ನಡೆಸುವುದು

ಟವೆಲನ್ನು ಉದ್ದಕ್ಕೆ ಮಡಿಸಿ ಹೊಟ್ಟೆಯ ಕೆಳಗೆ, ತೊಡೆಗೆ ಹತ್ತಿರವಾಗಿ ಹಾಯಿಸಿ. ಎರಡೂ ತುದಿ ಹಿಡಿದು ಮೇಲಿಂದ ಆಸರೆ ಕೊಡಿ. ನಾಯಿಯನ್ನು ನೇತಾಡಿಸಬೇಡಿ. ಕಾಲು ನೆಲಕ್ಕೆ ತಾಗಿರಬೇಕು, ಸ್ವಲ್ಪ ಭಾರ ಅದರ ಮೇಲೆಯೂ ಬೀಳಬೇಕು. ಪಂಜ ಮಗುಚಿ ಬೆರಳ ಮೇಲ್ಭಾಗ ನೆಲಕ್ಕೆ ತಾಗುತ್ತಿದ್ದರೆ ಕೈಯಿಂದ ಸರಿಯಾಗಿ ಇಟ್ಟು, ಸೊಂಟದ ಮೇಲೆ ಅಂಗೈ ಇಟ್ಟು ತುಸು ಒತ್ತಿ. ಹತ್ತು ಸೆಕೆಂಡ್ ನಿಂತರೆ ಬಿಸ್ಕತ್ತಿನ ಚೂರು. ಒಂದು ದಿನ ಟವೆಲ್ ಸಡಿಲವಾಗಿದೆ ಅನ್ನಿಸುತ್ತದೆ. ಅದು ಸಡಿಲವಾಗಿಲ್ಲ, ನಾಯಿ ತಾನೇ ನಿಂತಿದೆ. ನಮಗೆ ಆ ದಿನ ಬಂದದ್ದು ಇಪ್ಪತ್ತಮೂರನೇ ದಿನ, ಲಿಫ್ಟಿನ ಎದುರು.

ತಾನಾಗಿ ನಿಲ್ಲಲು ಬಂದ ಮೇಲೆ ಕೂತು ಏಳುವ ವ್ಯಾಯಾಮ, ನಮ್ಮ ಬೈಠಕ್ ಇದ್ದ ಹಾಗೆ. ಗೋಡೆ ಮೂಲೆಯಲ್ಲಿ ಮಾಡಿಸಿ, ಆಗ ಕಾಲು ಪಕ್ಕಕ್ಕೆ ಚಾಚಲು ಆಗಲ್ಲ. ಮೂರರಿಂದ ಶುರು ಮಾಡಿ.

ಆಮೇಲೆ ಮಾಪ್‌ನ ಕೋಲುಗಳು. ನಾಲ್ಕು ಕೋಲನ್ನು ಮ್ಯಾಟ್ ಮೇಲೆ ಅಡ್ಡ ಇಡಿ, ಎರಡರ ನಡುವೆ ನಾಯಿಯ ಉದ್ದದಷ್ಟು ಜಾಗ. ಮೂಗಿನ ಮುಂದೆ ತಿಂಡಿ ಹಿಡಿದು ನಿಧಾನಕ್ಕೆ ದಾಟಿಸಿ. ಓಡಿದರೆ ಲೆಕ್ಕಕ್ಕಿಲ್ಲ, ಓಡುವ ನಾಯಿ ಸೋತ ಕಾಲನ್ನು ಬಳಸದೆ ಕುಪ್ಪಳಿಸಿ ಪಾರಾಗುತ್ತದೆ. ವಾರ ಕಳೆದ ಮೇಲೆ ಕೋಲಿನ ತುದಿಗೆ ಪುಸ್ತಕ ಇಟ್ಟು ಸ್ವಲ್ಪ ಎತ್ತರಿಸಿ. ಮುಂಗಾಲಿನ ಮಣಿಕಟ್ಟಿಗಿಂತ ಮೇಲೆ ಬೇಡ.

ಹೊರಗಿನ ನಡಿಗೆಯನ್ನು ಐದು ನಿಮಿಷದಿಂದ ಶುರು ಮಾಡಿ, ಬೆಲ್ಟ್ ಕೊರಳಿಗಲ್ಲ, ಎದೆಗೆ. ಜುಹೂ ಚೌಪಾಟಿಯ ಒಣ ಮರಳು ಮೆತ್ತಗೆ ಕಂಡರೂ ಕಾಲು ಹೂತು ಸ್ನಾಯು ಎಳೆಯುತ್ತದೆ. ಅಲೆ ಹಿಂದೆ ಸರಿದ ಗಟ್ಟಿ ಒದ್ದೆ ಮರಳು ವಾಸಿ.

ನೀರು

ನೀರಿನೊಳಗಿನ ಟ್ರೆಡ್‌ಮಿಲ್ ಬಗ್ಗೆ ಎಲ್ಲರಿಗೂ ಮೋಹ. ಅದರ ಗುಟ್ಟು ಇಷ್ಟೇ: ನೀರು ಹಿಮ್ಮಡಿ ಕೀಲಿನವರೆಗೆ ಇದ್ದರೆ ಕಾಲು ಮೈತೂಕದ ಸುಮಾರು 91 ಶೇಕಡಾ ಹೊರುತ್ತದೆ. ಮಂಡಿಯವರೆಗೆ ಬಂದರೆ 85. ಸೊಂಟದವರೆಗೆ ಬಂದರೆ ಒಮ್ಮೆಲೇ 38ಕ್ಕೆ ಇಳಿಯುತ್ತದೆ. ಒಣ ನೆಲದಲ್ಲಿ ಹೆಜ್ಜೆ ಹಾಕಲಾಗದ ನಾಯಿ ನೀರಿನಲ್ಲಿ ಹಾಕುವುದು ಇದಕ್ಕೇ. ದುಡ್ಡು, ಸಮಯ ಎರಡೂ ಇದ್ದರೆ ಖಂಡಿತ ಮಾಡಿಸಿ. ವಾರಕ್ಕೊಂದು ಸಲ ಅಲ್ಲಿ ಹೋಗಿ, ಉಳಿದ ಆರು ದಿನ ಮನೆಯ ಟೈಲ್ಸ್ ಮೇಲೆ ಜಾರುತ್ತಿದ್ದರೆ ಮಾತ್ರ ದಂಡ. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಯುವವರೆಗೆ ನೀರು ಬೇಡ. ಮಳೆಗಾಲದ ರಸ್ತೆ ನೀರಂತೂ ಎಂದಿಗೂ ಬೇಡ, ಇಲಿ ಜ್ವರ ಬರುವುದು ಅದರಿಂದಲೇ.

ಈಜು ಬೇರೆ, ನೀರಿನಲ್ಲಿ ನಡೆಯುವುದು ಬೇರೆ. ಈಜುವಾಗ ನಾಯಿ ಮುಂಗಾಲನ್ನೇ ಜಾಸ್ತಿ ಬಡಿಯುತ್ತದೆ, ಸೋತ ಹಿಂಗಾಲು ಹಿಂದೆ ತೇಲುತ್ತಿರುತ್ತದೆ.

ನಮ್ಮ ಮೂರನೇ ಮಹಡಿಯ ಶೆಟ್ರು ಮೊದಲು ನಕ್ಕಿದ್ದರು. "ಎಂಥದು ಮಾರಾಯ್ರೆ, ನಾಯಿಗೂ ಫಿಸಿಯೋವಾ?" ಅಂತ. ಅವರ ಲ್ಯಾಬ್ರಡಾರ್ ಸುಲ್ತಾನನಿಗೆ ಸೊಂಟದ ಕೀಲು ಸವೆದಿದೆ. ಡಾಕ್ಟರು ಅವನಿಗೆ ಬರೆದುಕೊಟ್ಟ ಮೊದಲ ಚಿಕಿತ್ಸೆ ಊಟ ಕಡಿಮೆ ಮಾಡೋದು. 41 ಕಿಲೋ ಇದ್ದವನು ಈಗ 34. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗಬೇಕು, ಅದು ಸರಿಯಾದ ತೂಕ. ಶೆಟ್ರು ಈಗ ನೀರ್ ದೋಸೆ ಬಚ್ಚಿಟ್ಟುಕೊಂಡು ತಿನ್ನುತ್ತಾರೆ.

ಬೆಕ್ಕು, ಬೀದಿ ನಾಯಿ

ಬೆಕ್ಕಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ತಾಳ್ಮೆ ಇಲ್ಲ. ದಿನಕ್ಕೆ ಆರು ಸಲ, ಎರಡೆರಡು ನಿಮಿಷ ಮಾಡಿ. ದಾರದ ತುದಿಗೆ ಗರಿ ಕಟ್ಟಿ ಆಡಿಸಿದರೆ ಅದೇ ವ್ಯಾಯಾಮ. ಬೆಕ್ಕು ಮಲಮೂತ್ರ ಮಾಡುವ ಟ್ರೇಯ ಅಂಚು ತಗ್ಗಾಗಿರಲಿ. ಕಿಟಕಿಗೆ ಜಾಳಿ ಹಾಕಿಸಿ, ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡ ಬೆಕ್ಕುಗಳು ಈ ಊರಿನಲ್ಲಿ ಬೇಕಾದಷ್ಟು. ಬೆಕ್ಕು ದಿಢೀರನೆ ಕಿರುಚಿ ಹಿಂಗಾಲು ಎಳೆಯತೊಡಗಿ, ಆ ಕಾಲು ಮುಟ್ಟಿದರೆ ತಣ್ಣಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಫಿಸಿಯೋ ಯೋಚನೆ ಬಿಟ್ಟು ಆಸ್ಪತ್ರೆಗೆ ಓಡಿ.

ಬೀದಿ ನಾಯಿಗೆ ಗಾಡಿ ಬಡಿದಿದ್ದರೆ ಮೊದಲು ಬಾಯಿಗೆ ಬಟ್ಟೆ ಸುತ್ತಿ, ಉಸಿರಾಡಲು ಕಷ್ಟಪಡುತ್ತಿದ್ದರೆ ಮಾತ್ರ ಬೇಡ. ನೋವಿನಲ್ಲಿ ಎಂಥ ಸಾಧು ನಾಯಿಯೂ ಕಚ್ಚುತ್ತದೆ. ಕಚ್ಚಿದರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.

ಲೆಕ್ಕದ ಪುಸ್ತಕ

ದಿನಾ ನೋಡುವವರಿಗೆ ಸುಧಾರಣೆ ಕಾಣಲ್ಲ. ಟೇಲರ್ ಟೇಪಿನಲ್ಲಿ ಎರಡೂ ತೊಡೆಯ ಸುತ್ತಳತೆ ಎರಡು ವಾರಕ್ಕೊಮ್ಮೆ ಅಳೆಯಿರಿ. ಪ್ರತಿ ಸಲ ಒಂದೇ ಜಾಗದಲ್ಲಿ, ನಾಯಿ ಒಂದೇ ಭಂಗಿಯಲ್ಲಿರುವಾಗ. ರಾಗಿಯ ಎಡ ತೊಡೆ ಮೊದಲಿಗೆ ಬಲಕ್ಕಿಂತ ಎರಡು ಸೆಂಟಿಮೀಟರ್ ಕಡಿಮೆ ಇತ್ತು. ಈಗ ಅರ್ಧ. ವ್ಯಾಯಾಮದ ಮಾರನೇ ದಿನ ಕುಂಟು ಜಾಸ್ತಿಯಾದರೆ ಅಳತೆ ಮೀರಿದೆ ಅಂತ. ಅರ್ಧಕ್ಕೆ ಇಳಿಸಿ.

ವಾರಕ್ಕೊಮ್ಮೆ ವಿಡಿಯೋ ಮಾಡಿ. ಮನೆಯೊಳಗೆ ಬೇಡ, ಲಿಫ್ಟಿನ ಎದುರಿನ ಪ್ಯಾಸೇಜ್‌ನಂಥ ನೇರ ಜಾಗದಲ್ಲಿ. ಒಂದು ಸಲ ಮುಂದಿನಿಂದ, ಒಂದು ಸಲ ಹಿಂದಿನಿಂದ, ಒಂದು ಸಲ ಪಕ್ಕದಿಂದ. ಫೋನನ್ನು ನಾಯಿಯ ಎತ್ತರಕ್ಕೆ ಇಳಿಸಿ ಹಿಡಿಯಿರಿ. ಡಾಕ್ಟರ ಹತ್ತಿರ ಹೋದಾಗ ಮೊದಲು ಅದನ್ನೇ ತೋರಿಸಿ. ಯಾಕೆಂದರೆ ಕ್ಲಿನಿಕ್‌ನ ಮೇಜು ಕಂಡ ತಕ್ಷಣ ಹೆದರಿಕೆಗೆ ಯಾವ ನಾಯಿಯೂ ಕುಂಟೋದಿಲ್ಲ.